ಕಾಯಿಲೆ ಕೂಸಿನ ಅಕ್ಕನೂ ಕೂಸೇ!

ಆಂಧ್ರದ ಅಮರಾಪುರ, ಮಡಕಶಿರಾ, ರಾಯದುರ್ಗ ಸೀಮೆಯ ಕನ್ನಡ ಬಂಧುಗಳಲ್ಲಿ ಮನವಿ



ಯುದ್ಧಕ್ಕೆ ಹೆದರಿ ಊರು ಬಿಟ್ಟವರನ್ನು ಲೋಕ ನಿರಾಶ್ರಿತರು ಅನ್ನುತ್ತದೆ. ಮಳೆ ಕೈಕೊಟ್ಟು, ಕಡ್ಲೆಕಾಯಿ ಒಣಗಿ, ಬೆಂಗಳೂರಿಗೆ ಗುಳೆ ಹೋದ ನಮ್ಮವರಿಗೆ ಆ ಹೆಸರೂ ಇಲ್ಲ. ಅಂಥ ಮನೆಯ ಒಂದು ಮಗುವಿಗೆ ದೊಡ್ಡ ಕಾಯಿಲೆ ಬಂದರೆ, ಇನ್ನೊಂದು ಮಗುವಿನ ಪಾಡೇನು?

ಒಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ತಮ್ಮನಿಗೆ ರಕ್ತದ ಕ್ಯಾನ್ಸರ್. ತಾಯಿ ಅವನೊಂದಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ತಂದೆ ಗಾರೆ ಕೆಲಸದಲ್ಲಿ, ಹತ್ತು ವರ್ಷದ ಅಕ್ಕ ಇಲ್ಲಿ ಅಜ್ಜಿಯ ಹತ್ತಿರ. ನೀರು ಹಿಡಿದು, ಮುದ್ದೆ ತಿರುವಿ ಶಾಲೆಗೆ ಓಡುತ್ತಾಳೆ. ಶಾಲೆಯಲ್ಲಿ ಕೊಟ್ಟ ಚಿಕ್ಕಿಯಲ್ಲಿ ಅರ್ಧ ಮುರಿದು, ಕಾಗದ ಸುತ್ತಿ, ತಮ್ಮನಿಗೆಂದು ಚೀಲದಲ್ಲಿ ಇಡುತ್ತಾಳೆ. ಎದುರಾದವರೆಲ್ಲ ಕೇಳುವುದು "ತಮ್ಮ ಹೆಂಗವ್ನೆ?" ಎಂದೇ. "ನೀನು ಹೆಂಗಿದ್ದೀಯವ್ವ?" ಎಂದವರಿಲ್ಲ. ಹೊಟ್ಟೆ ನೋವು ಬಂದರೂ ಬಾಯಿ ಬಿಡಳು. ಅವನೊಂದಿಗೆ ಜಗಳವಾಡಿದ್ದಕ್ಕೇ ಕಾಯಿಲೆ ಬಂತೇನೋ ಎಂಬ ಭಯ ಬೇರೆ.

ಇದು ಹತ್ತು ದಿನದ ಮಾತಲ್ಲ. ಮಕ್ಕಳಿಗೆ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ಕಾಯಿಲೆ ಮಗುವಿನ ಚಿಕಿತ್ಸೆಗೆ, ಜನ ಇನ್ನೂ ಆರೋಗ್ಯಶ್ರೀ ಎನ್ನುವ, ಸರ್ಕಾರದ ವೈದ್ಯಸೇವೆಯ ಕಾರ್ಡ್ ಇದೆ. ಅಕ್ಕನ ಕಷ್ಟಕ್ಕೆ ಅಂಥ ಕಾರ್ಡಿಲ್ಲ. ಅವಳಿಗಿರುವವರು ನಾವೇ. ಆದ್ದರಿಂದ:

1. ಹೆತ್ತವರೇ, ಯಾವ ಕಾರಣಕ್ಕೂ ಅವಳನ್ನು ಶಾಲೆ ಬಿಡಿಸಬೇಡಿ. ಬೆಂಗಳೂರಿಗೆ ಕರೆದೊಯ್ದರೆ ಅಲ್ಲಿನ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿ. ಇಲ್ಲಿ ಕಲಿತ ಅಕ್ಷರವೇ ಅಲ್ಲಿಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ರಾಜ್ಯದ ಗಡಿ ದಾಟಿದರೂ, ಟಿ.ಸಿ. ತಡವಾಯಿತೆಂದು 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

2. ಕಾಯಿಲೆಯ ನಿಜವನ್ನು ಅವಳಿಗೆ ಅರ್ಥವಾಗುವ ಮಾತಲ್ಲಿ ಹೇಳಿ. "ಇದು ನಿನ್ನಿಂದ ಬಂದಿದ್ದಲ್ಲ" ಎಂದು ಮತ್ತೆ ಮತ್ತೆ ಹೇಳಿ. ಫೋನ್ ಮಾಡಿದಾಗ ಐದು ನಿಮಿಷ ಅವಳದೇ ಸುದ್ದಿ ಕೇಳಿ.

3. ಮೇಷ್ಟ್ರೇ, ಮೇಡಂ, ತಡವಾಗಿ ಬಂದ ಮಗುವನ್ನು ಗದರುವ ಮುಂಚೆ ಮನೆಯ ಸ್ಥಿತಿ ತಿಳಿಯಿರಿ. ತಪ್ಪಿದ ಪಾಠ ಹೇಳಿಕೊಡಿ.

4. ನೆರೆಹೊರೆಯವರೇ, ಸರದಿಯಂತೆ ಒಂದು ಹೊತ್ತಿನ ಊಟ, ಎರಡು ಬಿಂದಿಗೆ ನೀರು ನಿಮ್ಮ ಮನೆಯಿಂದ ಹೋಗಲಿ. ಆ ಹೊತ್ತು ಮಗು ಆಡಲಿ.

5. ಮಗು ಒಂಟಿಯಾಗಿದ್ದರೆ, ಕೂಲಿಗೆ ಹಚ್ಚಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ.

ನಿಮ್ಮ ಬೀದಿಯಲ್ಲಿ ಇಂಥ ಮನೆಯಿದ್ದರೆ ಇವತ್ತೇ ಹೋಗಿ. ಆ ಹುಡುಗಿಯನ್ನು ಹೆಸರು ಹಿಡಿದು ಕರೆಯಿರಿ. ತಮ್ಮನ ವಿಷಯ ಆಮೇಲೆ ಕೇಳುವಿರಂತೆ, ಮೊದಲು "ಉಂಡೆಯೇನವ್ವ?" ಎಂದು ಕೇಳಿ.

ಇಂತಿ,
ನಿಮ್ಮೂರಿನವರೇ ಆದ ಕೆಲವರು

(ಓದಿ, ಇನ್ನೊಬ್ಬರ ಕೈಗೆ ಕೊಡಿ.)