ಸ್ಟೇಕಿಂಗ್ ಎಫ್‌ಡಿ ಅಲ್ಲ ಗುರೂ

ಯಡಿಯೂರು ಕೆರೆ ಹತ್ರ ಕೂತು ಕ್ರಿಪ್ಟೋ ಮಾತು ತೆಗೆದ್ರೆ ನಮ್ಮಲ್ಲಿ ಏಳೋ ಮೊದಲ ಪ್ರಶ್ನೆ: "ಸ್ಟೇಕ್ ಮಾಡಿದ್ರೆ ವರ್ಷಕ್ಕೆ ಎಷ್ಟು ಪರ್ಸೆಂಟ್?" ನಾವು ಕೇಳ್ತಿರೋ ಪ್ರಶ್ನೇನೇ ತಪ್ಪು.

ಬಿಟ್‌ಟೆನ್ಸರ್ ತಗೊಳ್ಳಿ. ಅಲ್ಲಿ ಮೈನರ್‌ಗಳು ಎಐ ಕೆಲಸ ಮಾಡ್ತಾರೆ, ವ್ಯಾಲಿಡೇಟರ್‌ಗಳು ಅದಕ್ಕೆ ಮಾರ್ಕ್ಸ್ ಹಾಕ್ತಾರೆ. ಯಾರ ಹಿಂದೆ ಹೆಚ್ಚು ಸ್ಟೇಕ್ ಇದೆಯೋ ಅವರ ಮಾರ್ಕ್ಸಿಗೆ ಹೆಚ್ಚು ತೂಕ. ನಾವು ಡೆಲಿಗೇಟ್ ಮಾಡಿದ್ರೂ ಟೋಕನ್ ನಮ್ಮದೇ, ಕೀ ನಮ್ಮ ಹತ್ರಾನೇ. ತೂಕ ಮಾತ್ರ ಅವರಿಗೆ. ರಿವಾರ್ಡಲ್ಲಿ ಅವರು ಹೆಚ್ಚೆಂದ್ರೆ 18% ಕಮಿಷನ್ ಹಿಡ್ಕೊಂಡು ಉಳಿದದ್ದು ನಮಗೆ ಕೊಡ್ತಾರೆ. ಅಂದ್ರೆ ಇಂಟರ್ನಲ್ಸ್ ಪೇಪರ್ ಯಾರು ತಿದ್ದಬೇಕು ಅಂತ ನಾವೇ ಆರಿಸಿದ ಹಾಗೆ. (ಕಾಲೇಜಲ್ಲಿ ಆ ಭಾಗ್ಯ ಎಲ್ಲಿ!)

ಎಡವಟ್ಟು ಇರೋದು ಇಲ್ಲೇ. ಕೆಲವು ವ್ಯಾಲಿಡೇಟರ್‌ಗಳು ಪೇಪರ್ ತಿದ್ದೋದೇ ಇಲ್ಲ, ಬೇರೆಯವರು ಹಾಕಿದ ಮಾರ್ಕ್ಸ್ ಕಾಪಿ ಹೊಡೀತಾರೆ. ತಿದ್ದೋ ಖರ್ಚೇ ಇಲ್ಲದವರು ಕಮಿಷನ್ ಇಳಿಸಿ ನಮ್ಮನ್ನ ಸೆಳೆಯಬಹುದು. ಇದನ್ನ ತಡೆಯೋಕೆ ಮಾರ್ಕ್ಸನ್ನ ಸ್ವಲ್ಪ ಹೊತ್ತು ಮುಚ್ಚಿಡೋ 'ಕಮಿಟ್-ರಿವೀಲ್' ವ್ಯವಸ್ಥೆ ತರಬೇಕಾಯ್ತು. ಪರ್ಸೆಂಟ್ ಮಾತ್ರ ನೋಡಿ ಡೆಲಿಗೇಟ್ ಮಾಡೋ ನಾವು ಕಾಪಿ ಹೊಡೆಯೋರಿಗೇ ವೋಟು ಹಾಕ್ತಿರಬಹುದು.

ನಮ್ಮ ಹತ್ರ ಇರೋದು ಪುಡಿಗಾಸು, ನಿಜ. ಆದ್ರೂ ಮುಂದಿನ ಸಲ ಕೆರೆ ಹತ್ರ ಸೇರಿದಾಗ, ಆ ವ್ಯಾಲಿಡೇಟರ್ ಪೇಪರ್ ಓದ್ತಾನಾ ಅಂತ ಮೊದಲು ಕೇಳೋಣ.