ಮೂರು ಬಣ್ಣದ ಬೆಕ್ಕು ಹೇಳುವ ಪಾಠ



ಒಂದೇ ಸೂಲಿನಲ್ಲಿ ಕಪ್ಪು, ಕೆಂಪು, ಮೂರು ಬಣ್ಣದ ಮರಿಗಳು ಹುಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಕೆಲವರು ಅದನ್ನು ಶಕುನವೆನ್ನುತ್ತಾರೆ, ನಾನು ಪಾಠವೆನ್ನುತ್ತೇನೆ.

ಬೆಕ್ಕಿನ ಕೆಂಪು ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಂಪಿಗೆ, ಇನ್ನೊಂದು ಕಪ್ಪಿಗೆ ಎಡೆಗೊಡಬಹುದು. ಭ್ರೂಣದ ಪ್ರತಿ ಜೀವಕೋಶದಲ್ಲೂ ಎರಡರಲ್ಲೊಂದು ಆಕಸ್ಮಿಕವಾಗಿ ನಿಷ್ಕ್ರಿಯವಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುವುದರಿಂದ ಮೈಮೇಲೆ ತೇಪೆಗಳು ಮೂಡುತ್ತವೆ. ವರ್ಣಕೋಶಗಳು ತಲುಪದ ಕಡೆ ಬಿಳುಪು.

2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ 'ರೇನ್‌ಬೋ' ಎಂಬ ಮೂರು ಬಣ್ಣದ ಬೆಕ್ಕಿನ ತದ್ರೂಪಿಯಾಗಿ 'ಸಿಸಿ' ಜನಿಸಿತು. ಅದರ ಮೈಯಲ್ಲಿ ಕೆಂಪಿನ ಲೇಶವೂ ಇರಲಿಲ್ಲ! ವಂಶವಾಹಿಗಳು ಅವೇ, ಚಿತ್ತಾರ ಬೇರೆ.

ಮನುಷ್ಯರ ಮೈಬಣ್ಣದ ಲೆಕ್ಕ ಬೇರೆ. ಅದು ತಂದೆತಾಯಿಗಳಿಬ್ಬರಿಂದಲೂ ಬಂದ ಹಲವಾರು ವಂಶವಾಹಿಗಳ ಕೂಡಾಟ. ಆದರೆ ಆಕಸ್ಮಿಕದ ಪಾಲು ಅಲ್ಲಿಯೂ ಉಂಟು. ಹೀಗಿರಲು ಮಗು ಕಪ್ಪೆಂದು ಬಾಣಂತಿಯನ್ನು ದೂರುವ, ಬಣ್ಣ ನೋಡಿ ಹೆಣ್ಣನ್ನು ತೂಗುವ ಪದ್ಧತಿ ವಿದ್ಯಾವಂತರ ಮನೆಗಳಲ್ಲಿಯೂ ಉಳಿದಿರುವುದು ನಾಚಿಕೆಗೇಡು. ಬೆಕ್ಕಿನ ಮರಿಯ ಮಚ್ಚೆಗೆ ಮುದ್ದು, ಮಗುವಿನ ಬಣ್ಣಕ್ಕೆ ಮೂದಲಿಕೆ, ಇದಾವ ನ್ಯಾಯ?

ತರಗತಿಯಲ್ಲಿ ಕಲಿತದ್ದು ನಿಮ್ಮ ಮನೆಯ ಹೊಸ್ತಿಲನ್ನೂ ದಾಟಲಿ. ಈ ಮೇಷ್ಟರ ಕೋರಿಕೆ ಇಷ್ಟೇ.