ದರದ ಫಲಕದಲ್ಲಿ ಇನ್ನೊಂದು ಸಾಲು ಬೇಕು

ಬೆಂಗಳೂರಿನ ನಗರ್ತಪೇಟೆಯಿರಲಿ, ತಾಲ್ಲೂಕು ಕೇಂದ್ರದ ಪೇಟೆಬೀದಿಯಿರಲಿ, ಚಿನ್ನದಂಗಡಿಯ ಒಳಗೆ ಕಾಲಿಟ್ಟರೆ ಎದುರಿಗೇ ಅಂದಿನ ದರದ ಫಲಕ. 22 ಕ್ಯಾರೆಟ್‌ಗೆ ಗ್ರಾಮಿಗೆ ಇಷ್ಟು, 24 ಕ್ಯಾರೆಟ್‌ಗೆ ಇಷ್ಟು. ಅದು ಅಂಗಡಿಯವರು ಮಾರುವ ದರ. ನಮ್ಮ ಕೈಯಲ್ಲಿರುವ ಚಿನ್ನವನ್ನು ಅವರೇ ಕೊಂಡರೆ ಎಷ್ಟು ಕೊಡುತ್ತಾರೆ ಎಂಬುದು ಆ ಫಲಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿದೇಶಿ ಹಣ ಬದಲಾಯಿಸುವ ಕೌಂಟರಿನಲ್ಲಿ ಡಾಲರಿನ ಮುಂದೆ ಎರಡು ಅಂಕಿ ಇರುತ್ತವೆ: ಕೊಳ್ಳುವ ದರ, ಮಾರುವ ದರ. ವ್ಯಾಪಾರಿಯ ಪಾಲೆಷ್ಟು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಉಳಿತಾಯಕ್ಕೆಂದು ಮೊದಲ ಸಲ ಚಿನ್ನದ ನಾಣ್ಯ ಕೊಳ್ಳಲು ಬಂದವರಿಗೆ ಬೇಕಾದದ್ದು ಆ ಎರಡನೆಯ ಅಂಕಿಯೇ. ನಾಣ್ಯ ಮಾರುವ ಪ್ರತಿ ಅಂಗಡಿಯೂ ಅದನ್ನು ನಗದು ಲೆಕ್ಕದಲ್ಲಿ ಫಲಕದ ಮೇಲೆ ಬರೆಯುವಂತೆ ಕಾನೂನು ಮಾಡಬೇಕು ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಎಣಿಕೆಗೆ ಸುಲಭವಾಗಲೆಂದು 10 ಗ್ರಾಂ ಅಪರಂಜಿಗೆ 1 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ನಾಣ್ಯ ಮುದ್ರಿಸಿದ್ದಕ್ಕೆ, ಸೀಲು ಮಾಡಿದ ಕಾರ್ಡಿನಲ್ಲಿ ಇಟ್ಟಿದ್ದಕ್ಕೆ ಶೇ 3 ಸೇರಿಸಿದರೆ 1,03,000. ಅದರ ಮೇಲೆ ಶೇ 3 ಜಿಎಸ್‌ಟಿ, ಅಂದರೆ 3,090. ಒಟ್ಟು 1,06,090 ರೂಪಾಯಿ ಕೈಬಿಟ್ಟಿತು. ಮರುದಿನವೇ ಮಾರಬೇಕಾಗಿ ಬಂದು ಅಂಗಡಿಯವರು ಶೇ 2 ಮುರಿದುಕೊಂಡರೆ ಕೈಗೆ ಬರುವುದು 98,000. ಕಟ್ಟಿದ ಜಿಎಸ್‌ಟಿ ಮರಳಿ ಬರುವುದಿಲ್ಲ, ಮುದ್ರಣದ ಕೂಲಿಯೂ ಬರುವುದಿಲ್ಲ. ಹಾಕಿದ ಹಣ ಹಾಗೇ ಹಿಂದಕ್ಕೆ ಬರಬೇಕಾದರೆ ಚಿನ್ನದ ದರ ಶೇ 8ಕ್ಕಿಂತ ಹೆಚ್ಚು ಏರಬೇಕು. ಇಲ್ಲಿ ಜಿಎಸ್‌ಟಿಯೊಂದೇ ಎಲ್ಲರಿಗೂ ಒಂದೇ. ಉಳಿದೆರಡು ಅಂಕಿ ನಾನು ಇಟ್ಟುಕೊಂಡವು. ಅಂಗಡಿಯಿಂದ ಅಂಗಡಿಗೆ ಅವು ಬೇರೆಯಾಗುತ್ತವೆ, ಮತ್ತು ಗಿರಾಕಿಗೆ ಮೊದಲೇ ತಿಳಿಯದೆ ಹೋಗುವುದೂ ಅವೇ. ಒಂದೊಂದೇ ಗ್ರಾಮಿನ ನಾಣ್ಯ ಕೂಡಿಡುವವರಿಗೆ ಹೊರೆ ಇನ್ನೂ ಹೆಚ್ಚು. ಚಿಕ್ಕ ನಾಣ್ಯಕ್ಕೂ ಅಚ್ಚು, ಪರೀಕ್ಷೆ, ಪೊಟ್ಟಣ ಎಲ್ಲವೂ ಬೇಕಲ್ಲ, ಆ ಖರ್ಚು ಗ್ರಾಂ ಲೆಕ್ಕದಲ್ಲಿ ದುಬಾರಿ ಬೀಳುತ್ತದೆ. ಕಡಿಮೆ ಹಣದವರೇ ಗ್ರಾಮಿಗೆ ಹೆಚ್ಚು ತೆರುವಂತಾಗುವುದು ನನಗೆ ನೋವಿನ ಸಂಗತಿ.

ಬ್ಯಾಂಕಿನಲ್ಲಿ ಕೊಂಡರೆ ನಿಶ್ಚಿಂತೆ ಎಂದು ನಂಬಿದವರು ಬಹಳ ಜನ. ಪರಿಶುದ್ಧತೆಯ ಮಟ್ಟಿಗೆ ಆ ನಂಬಿಕೆ ಸರಿ. ಆದರೆ ತಾನು ಮಾರಿದ ನಾಣ್ಯವನ್ನು ಬ್ಯಾಂಕು ಮರಳಿ ಕೊಳ್ಳುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಬ್ಯಾಂಕಿನಲ್ಲಿ ಕೊಂಡವರೂ ಮಾರಲು ಆಭರಣದ ಅಂಗಡಿಗೇ ಹೋಗಬೇಕು. ಈ ತೊಡಕು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2015ರ ನವೆಂಬರ್‌ನಲ್ಲಿ ಒಂದು ಬದಿಗೆ ಅಶೋಕ ಚಕ್ರ, ಇನ್ನೊಂದು ಬದಿಗೆ ಗಾಂಧೀಜಿ ಇರುವ ಭಾರತೀಯ ಚಿನ್ನದ ನಾಣ್ಯವನ್ನು ಹೊರತಂದಾಗ ಮರುಖರೀದಿಯ ಸೌಲಭ್ಯವನ್ನೇ ಅದರ ಹೆಚ್ಚುಗಾರಿಕೆಯೆಂದು ಹೇಳಲಾಗಿತ್ತು. ಒಂದು ನಾಣ್ಯಕ್ಕೆ ಸಲ್ಲುವ ನ್ಯಾಯ ಮಿಕ್ಕ ನಾಣ್ಯಗಳಿಗೂ ಸಲ್ಲಬೇಕು. ಅಡವಿಡುವ ವಿಷಯದಲ್ಲೂ ಕಟ್ಟುಪಾಡಿದೆ: ಚಿನ್ನದ ಗಟ್ಟಿಯ ಮೇಲೆ ಬ್ಯಾಂಕು ಸಾಲ ಕೊಡುವಂತಿಲ್ಲ, ನಾಣ್ಯವಾದರೆ 50 ಗ್ರಾಮಿನ ಮಿತಿ. ಕಷ್ಟಕಾಲಕ್ಕೆ ಅಡವಿಟ್ಟರಾಯಿತು ಎಂದು ಗಟ್ಟಿ ಕೊಳ್ಳುವವರು ಇದನ್ನು ಮೊದಲು ತಿಳಿದಿರಬೇಕು.

ಚಿನ್ನದ ದರ ಹೇಗೂ ಏರುತ್ತದೆ, ಈ ಶೇ 8 ಒಂದೆರಡು ವರ್ಷದಲ್ಲಿ ಮುಚ್ಚಿಹೋಗುತ್ತದೆ ಎನ್ನುವವರಿದ್ದಾರೆ. ಈಚಿನ ವರ್ಷಗಳ ಏರಿಕೆಯನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ 2011ರ ಸೆಪ್ಟೆಂಬರ್‌ನಲ್ಲಿ ಔನ್ಸಿಗೆ 1,900 ಡಾಲರಿನ ಹತ್ತಿರ ಹೋಗಿದ್ದ ಚಿನ್ನ 2015ರ ಡಿಸೆಂಬರ್ ಹೊತ್ತಿಗೆ 1,050ರ ಆಸುಪಾಸಿಗೆ ಇಳಿಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು 2020ರಲ್ಲಿ. ರೂಪಾಯಿ ಕುಸಿದದ್ದರಿಂದ ನಮಗೆ ಆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ, ನಿಜ. ನಮ್ಮಲ್ಲಿನ ದರಕ್ಕೆ ಇನ್ನೊಂದು ಹಿಡಿಕೆಯೂ ಇದೆ, ಅದು ಆಮದು ಸುಂಕ. 2024ರ ಜುಲೈ ಬಜೆಟ್ಟಿನಲ್ಲಿ ಅದನ್ನು ಶೇ 15ರಿಂದ 6ಕ್ಕೆ ಇಳಿಸಿದಾಗ ಹಿಂದಿನ ವಾರ ನಾಣ್ಯ ಕೊಂಡವರ ಉಳಿತಾಯ ರಾತ್ರೋರಾತ್ರಿ ಕರಗಿತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಧ್ಯಮ ವರ್ಗದ ಮನೆಯವರು ಚಿನ್ನ ಮಾರುವುದು ದರ ಏರಿದಾಗಲ್ಲ. ಆಸ್ಪತ್ರೆಯ ಬಿಲ್ಲು, ಮಗಳ ಕಾಲೇಜಿನ ಶುಲ್ಕ, ನಿಂತುಹೋದ ಸಂಬಳ, ಇಂಥ ದಿನವೇ ನಾಣ್ಯ ಹೊರಬರುವುದು. ಅಂಥ ಹೊತ್ತಿನಲ್ಲಿ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ. ಫಲಕದ ಮೇಲಿನ ಅಂಕಿ ಬೇಕಿರುವುದು ಆ ದಿನಕ್ಕೆ.

ಅಂಗಡಿಯವರ ಮಾತನ್ನೂ ಕೇಳಬೇಕು. ತಂದ ನಾಣ್ಯ ಅಸಲಿಯೋ ಅಲ್ಲವೋ ಪರೀಕ್ಷಿಸಬೇಕು, ಕರಗಿಸಬೇಕು, ಅಷ್ಟರೊಳಗೆ ದರ ಇಳಿದರೆ ನಷ್ಟ ಹೊರಬೇಕು, ಆದ್ದರಿಂದ ಕಡಿತ ಅನಿವಾರ್ಯ ಎನ್ನುತ್ತಾರೆ. ಒಪ್ಪತಕ್ಕ ಮಾತೇ. ನಾಣ್ಯಗಳನ್ನು ಪರೀಕ್ಷಿಸಿ ವಿನಿಮಯ ಮಾಡಿಕೊಡುತ್ತಿದ್ದವನಿಗೆ ನಮ್ಮ ಹಿರಿಯರು ಚಿನಿವಾರ ಎಂಬ ಹೆಸರು ಕೊಟ್ಟಿದ್ದರು, ಅವನು ಹಿಡಿಯುತ್ತಿದ್ದ ಮೊತ್ತಕ್ಕೆ ವಟ್ಟ ಎಂಬ ಮಾತಿತ್ತು; ಚಿನಿವಾರ ಪೇಟೆ ಎಂದು ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ಹಾಗಾಗಿ ವಟ್ಟ ಹಿಡಿಯುವುದಕ್ಕೆ ನನ್ನ ತಕರಾರಿಲ್ಲ, ಅದನ್ನು ಮೊದಲೇ ಹೇಳಿ ಎಂಬುದಷ್ಟೇ ಕೋರಿಕೆ. ದರ ಗಳಿಗೆಗೊಮ್ಮೆ ಬದಲಾಗುತ್ತದೆ ಎಂಬ ನೆಪವೂ ನಿಲ್ಲದು: ಮಾರುವ ದರವನ್ನು ದಿನವೂ ತಿದ್ದಿ ಬರೆಯುವ ಕೈಗೆ ಇನ್ನೊಂದು ಸಾಲು ಬರೆಯುವುದು ಭಾರವಲ್ಲ. ಒರೆಗಲ್ಲಿನ ಕಾಲ ಕಳೆದು ಕ್ಯಾರೆಟ್ ಅಳೆಯುವ ಯಂತ್ರ ಬಂದಿದೆ. ತಾನೇ ಮಾರಿದ, ಸೀಲು ಒಡೆಯದ ನಾಣ್ಯವನ್ನು ಬಿಲ್ಲಿನ ಸಮೇತ ತಂದವರಿಗೆ ಕರಗಿಸುವ ಖರ್ಚು ಹಾಕುವುದು ನ್ಯಾಯವೂ ಅಲ್ಲ. ಹಳೆಯ ನಾಣ್ಯಕ್ಕೆ ಬದಲಾಗಿ ಒಡವೆ ಕೊಂಡರೆ ಪೂರ್ತಿ ದರ, ನಗದು ಕೇಳಿದರೆ ಕಡಿತ ಎನ್ನುವ ಪದ್ಧತಿಯೂ ಇದೆ. ನಗದು ದರವೇ ಫಲಕದಲ್ಲಿರಬೇಕು ಎಂದು ಒತ್ತಿ ಹೇಳಿದ್ದು ಅದಕ್ಕಾಗಿ.

ಹೂಡಿಕೆಯೇ ಗುರಿಯಾದರೆ ನಾಣ್ಯವೇಕೆ, ಷೇರುಪೇಟೆಯಲ್ಲಿ ಚಿನ್ನದ ಇಟಿಎಫ್ ಇದೆಯಲ್ಲ ಎಂದು ಕೇಳಬಹುದು. ಡಿಮ್ಯಾಟ್ ಖಾತೆ ಇದ್ದವರಿಗೆ ಅದೇ ಮೇಲು. ಅಲ್ಲಿ ಕೊಳ್ಳುವ, ಮಾರುವ ದರಗಳೆರಡೂ ಪರದೆಯ ಮೇಲೆಯೇ ಇರುತ್ತವೆ. ಆದರೆ ತನ್ನದೇ ಆದದ್ದೊಂದು ತನ್ನ ಕೈಯಲ್ಲಿ, ತನ್ನ ಬೀರುವಿನಲ್ಲಿ ಇರಲಿ ಎಂದು ಬಯಸುವ ಹೆಣ್ಣುಮಕ್ಕಳು ನಮ್ಮಲ್ಲಿ ಲಕ್ಷಗಟ್ಟಲೆ. ಆ ಬಯಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅವರ ಅನುಭವಕ್ಕೆ ಮಾಡುವ ಅವಮಾನ. ಮಜೂರಿ, ವೇಸ್ಟೇಜು ಸೇರಿದ ಒಡವೆಗಿಂತ ನಾಣ್ಯದಲ್ಲಿ ಕಳೆದುಕೊಳ್ಳುವುದು ಕಡಿಮೆ ಎಂಬುದನ್ನೂ ಮರೆಯಬಾರದು.

ಗಿರಾಕಿಗೆ ಏನನ್ನು ತೋರಿಸಬೇಕೆಂದು ಅಂಗಡಿಯವರಿಗೆ ಕಾನೂನು ಮಾಡುವುದು ಹೊಸದೂ ಅಲ್ಲ. ಹಾಲ್‌ಮಾರ್ಕ್ ಒಡವೆ ಮಾರುವ ಅಂಗಡಿಯವರು ಮುದ್ರೆ ನೋಡಲು ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿ ಇಟ್ಟಿರಬೇಕು, ಬಿಲ್ಲಿನಲ್ಲಿ ತೂಕ, ಪರಿಶುದ್ಧತೆ ಬೇರೆಬೇರೆಯಾಗಿ ಬರೆಯಬೇಕು ಎಂಬ ನಿಯಮ ಈಗಾಗಲೇ ಇದೆ. ಅದೇ ಪಟ್ಟಿಗೆ ಮರುಖರೀದಿಯ ದರವೂ ಸೇರಲಿ. ಅದು ಬರುವವರೆಗೆ ಮೊದಲ ನಾಣ್ಯ ಕೊಳ್ಳುವವರು ಹಣ ಎಣಿಸುವ ಮುನ್ನ ನಾಣ್ಯದ ಮೇಲಿರುವುದು 999 ಎಂದೋ 916 ಎಂದೋ ನೋಡಿಕೊಳ್ಳಲಿ. ಇದೇ ನಾಣ್ಯವನ್ನು ಇವತ್ತೇ ನಿಮಗೆ ಮಾರಿದರೆ ನಗದು ಎಷ್ಟು ಕೊಡುತ್ತೀರಿ ಎಂದು ಕೇಳಿ, ಎಷ್ಟು ಶೇಕಡಾ ಕಡಿತ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ. ಎರಡು ವರ್ಷ ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ, ಅದಕ್ಕೆ ಮುಂಚೆ ಮಾರಿದರೆ ಅವರವರ ಆದಾಯದ ದರದಂತೆ. ಕೊಂಡ ಬೆಲೆಗೆ ಸಾಕ್ಷಿಯಾಗಿ ಆಗಲೂ ಆ ಬಿಲ್ಲೇ ಬೇಕಾಗುತ್ತದೆ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಹೊರಗೆ ಬರುವುದಕ್ಕೆ ಸಂಕೋಚ ಬೇಡ, ಅದೇ ಬೀದಿಯಲ್ಲಿ ಇನ್ನೂ ಹತ್ತು ಅಂಗಡಿಗಳಿರುತ್ತವೆ.